ಮೂರು ಗೆರೆಯ ಕಲ್ಲು

ಜೂನ್ 3
ಭೂತದ ಗುಹೆಗೆ ಬಣ್ಣ ತುಂಬಿ ಮುಗಿಸಿದೆ. ಇಷ್ಟು ಓದಿ ಟಿವಿ ಕಾರ್ಟೂನಿಗೆ ಗುಹೆ ಬರೆಯೋದಾ ಅಂತ ಅಪ್ಪ ಗೊಣಗಲಿ. ಪ್ರತಿ ಶನಿವಾರ ಒಂದು ಭೂತ, ಮುಖವಾಡ ಕಳಚಿದರೆ ಒಬ್ಬ ಕಳ್ಳ. ಈ ಸಲ ಗುಹೆಯ ಬಾಗಿಲಿಗೆ ತಿಪ್ಪಕ್ಕ ಅತ್ತೆಯ ಕಾವಲಮ್ಮನನ್ನು ಕೂರಿಸಿದ್ದೇನೆ — ಕಮಲಾಪುರದ ಬಾಳೆ ತೋಟ ಕಾಯುವ ದೇವರ ಕಲ್ಲು, ಅತ್ತೆ ಬೆರಳಲ್ಲಿ ಎಳೆಯುವ ಅರಿಶಿನದ ಮೂರು ಗೆರೆ ಸಮೇತ. ಯಾರಿಗೆ ಗೊತ್ತಾಗುತ್ತೆ!

ಜೂನ್ 16
ಗೊತ್ತಾಯಿತು. ಹೊಸಪೇಟೆಯ ಒಬ್ಬ ಯೂಟ್ಯೂಬಿನವನು ಆ ದೃಶ್ಯ ನಿಲ್ಲಿಸಿ, ಕೆಂಪು ವೃತ್ತ ಎಳೆದು — “ಕಾರ್ಟೂನಿನ್ಯಾಗ ನಿಧಿ ಗುರುತು! ಮೂರು ಗೆರಿ ಅಂದ್ರ ಮೂರಾಳುದ್ದ ಕೆಳಗ ಬಂಗಾರ!” ಕಾಮೆಂಟಿನಲ್ಲಿ ಯಾರೋ ತೋಟದ ದಾರಿಯನ್ನೂ ಬರೆದಿದ್ದಾರೆ. ನಕ್ಕೆ.

ಜೂನ್ 19, ಬೆಳಿಗ್ಗೆ
ನಗು ಹೋಯಿತು. ಸುದ್ದಿ ಕೇಳಿ ತೋಟಕ್ಕೆ ಓಡಿದೆ. ರಾತ್ರಿ ಯಾರೋ ಕಾವಲಮ್ಮನ ಬುಡ ಅಗೆದಿದ್ದಾರೆ. ಕಲ್ಲು ವಾಲಿದೆ. ಅತ್ತೆ ಗುಂಡಿಯ ಅಂಚಲ್ಲಿ ಕುಂತುಬಿಟ್ಟಿದ್ದಳು. “ನಿಮ್ಮ ಮಾಮ ಹೋದಾಗಿಂದ ನಂಗ ಇಕಿ ಒಬ್ಬಾಕೀನ ಜೊತಿ. ಇಕೀನ ಕಿತ್ತಗೊಂಡು ಹೋದ್ರ ಯಾರ್ ಕೂಡ ಮಾತಾಡ್ಲಿ, ಭವ್ಯಾ?” ಪೊಲೀಸರು ಬಂದು ನೋಡಿ ಹೋದರು. ದಿನಾ ಕಾಯುವವರು ಯಾರು? ನಾನೇ ಮಾಡಿದ್ದು. ಅತ್ತುಬಿಟ್ಟೆ.

ಜೂನ್ 28
ನಿರ್ಮಾಪಕಿ ಸುಷ್ಮಿತಾ ಹೇಳಿದಂತೆ ನಿನ್ನೆಯ ಕಂತಿನಿಂದ ಕಲ್ಲು ತೆಗೆದಿದ್ದೆ. ಇವತ್ತೇ ಆ ಯೂಟ್ಯೂಬಿನವನ ಹೊಸ ವಿಡಿಯೋ: “ಯಾಕ ತಗದ್ರು? ಮುಚ್ಚಿಡಾಕ!” ಥೂ. ಇದ್ದರೂ ಸಾಕ್ಷಿ, ಇಲ್ಲದಿದ್ದರೂ ಸಾಕ್ಷಿ.
ಹಾಗಾದರೆ... ಒಂದಲ್ಲ, ಎಲ್ಲ ಕಲ್ಲಿಗೂ ಗೆರೆ ಎಳೆದರೆ? ಯಾವುದನ್ನು ಅಂತ ಅಗೆಯುತ್ತಾರೆ?

ಜೂನ್ 29
ಸುಷ್ಮಿತಾ ಹೌಹಾರಿದಳು. ಗುಂಡಿಯ ಅಂಚಲ್ಲಿ ಅತ್ತೆ ಆಡಿದ ಮಾತು ಹೇಳಿದೆ. “ಸರಿ, ಬರಿ” ಎಂದಳು. ಅತ್ತೆಯನ್ನೂ ಕೇಳಿದೆ. “ಊರಿಗೆಲ್ಲ ಕಾವಲಿಗೆ ಹೊಂಟ್ಲೇನು? ಹೋಗ್ಲಿ ಬಿಡು, ಒಂದಾ ಕಡಿ ಕುಂತು ಆಕೀಗೂ ಬ್ಯಾಸರ ಆಗಿರ್ತೈತಿ.”
ಹೊಸ ಕಂತಿನಲ್ಲಿ ಮೈಲಿಗಲ್ಲು, ಒಗೆಯುವ ಕಲ್ಲು, ರುಬ್ಬುವ ಕಲ್ಲು — ಎಲ್ಲಕ್ಕೂ ಮೂರು ಗೆರೆ. ಕೊನೆಗೆ ಮುಖವಾಡದೊಳಗೆ ನಿಧಿಗಳ್ಳ.

ಜುಲೈ 19
ಗೆದ್ದೆವು! ಕಂತು ನೋಡಿದ ಮಕ್ಕಳು ಅಡುಗೆಮನೆಯ ಅರಿಶಿನ ಕದ್ದು ಬೀದಿಗಿಳಿದಿದ್ದಾರೆ. ಕಂಪ್ಲಿ ರಸ್ತೆಯ ಮೈಲಿಗಲ್ಲು, ಸಂಡೂರಿನ ಅರಳಿಕಟ್ಟೆ, ಬಂಡ್ರಿಯಲ್ಲಿ ಲಾರಿ ಚಕ್ರಕ್ಕೆ ಕೊಟ್ಟ ಕಲ್ಲು — ಎಲ್ಲೆಲ್ಲೂ ಮೂರು ಗೆರೆ. ಯೂಟ್ಯೂಬಿನವನ ಮನೆ ಮೆಟ್ಟಿಲಿಗೂ! ಅವನ ವಿಡಿಯೋ ನೋಡುವ ಮಂದಿಯೇ ಕೇಳುತ್ತಿದ್ದಾರೆ: “ಅಣ್ಣಾ, ನಿಮ್ಮ ಮೆಟ್ಲ ಯಾವಾಗ ಅಗೀತೀರಿ?” ವಿಡಿಯೋ ಎರಡೂ ಮಾಯ. ಹೊಟ್ಟೆ ಹಿಡಿದು ನಕ್ಕೆ.

ಆಗಸ್ಟ್ 2, ಅತ್ತೆಯ ತೋಟ
ಅಗೆಯಲು ಯಾರೂ ಬಂದಿಲ್ಲ. ಕಾವಲಮ್ಮ ಮತ್ತೆ ನೆಟ್ಟಗೆ ನಿಂತಿದ್ದಾಳೆ. ಪಕ್ಕದ ಗುಂಡಿಯಲ್ಲಿ ಅತ್ತೆ ಬಾಳೆ ಕಂದು ಇಟ್ಟಿದ್ದಾಳೆ. “ಪುಕ್ಕಟೆ ಅಗದು ಹೋಗ್ಯಾರ, ಪುಣ್ಯಾತ್ಮರು!” ಇವತ್ತು ಅರಿಶಿನದ ಬಟ್ಟಲು ನನ್ನ ಕಡೆಗೆ ಚಾಚಿದಳು. ಮೂರು ಗೆರೆ ನಾನೇ ಎಳೆದೆ. ಅರಿಶಿನ ಈ ಪುಟಕ್ಕೂ ಹತ್ತಿದೆ, ಇರಲಿ.
ಕೂಗುತ್ತಿದ್ದಾಳೆ — “ಜಲ್ದಿ ಬಾ, ಕಾರ್ಟೂನಿನ ಅಮ್ಮನ್ನ ನೋಡಾಕ ಹುಡುಗರು ಸಾಲು ಹಚ್ಚ್ಯಾವ!” ಬಂದೆ ಅತ್ತೀ, ಇದೊಂದು ಮಾತು ಬರೆದು —