ಹರಿದ ದೋಸೆ

9 ಮಾರ್ಚ್ 2008, ಹಳದೀಪುರ
ಮದುವೆಯಾಗಿ ಇವತ್ತಿಗೆ ಎರಡು ತಿಂಗಳು!! ವಿನೋದ ಕುಮಟಾದಿಂದ ಐಸ್‌ಕ್ರೀಮ್ ತಂದ. ಬಸ್ಸಲ್ಲೇ ಕರಗಿತ್ತು. ಲೋಟದಲ್ಲಿ ಕುಡಿದೆವು. ಸೋ ಸ್ವೀಟ್!

ಬೆಳಗ್ಗೆ ನಾನು ಹೊಯ್ದ ದೋಸೆ ಮೂರು ಹರಿದವು. ಮೂರೂ ಅತ್ತೆಯ ತಟ್ಟೆಗೆ, ಯಾವತ್ತಿನಂತೆ. ಚೆಂದದವು ಭಾವನಿಗೆ, ಅಂದರೆ ವಿನೋದನ ಅಣ್ಣ ಕೃಷ್ಣಾನಂದರಿಗೆ. ಪಾಪ, ಡಯಾಲಿಸಿಸ್. ವರ್ಷದಿಂದ ಮೂತ್ರವೇ ಇಲ್ಲ... ಈ ಶಬ್ದ ಬರೆಯಲೂ ನಾಚಿಕೆ! ನಾಳೆ ಮಂಗಳೂರಿಗೆ. ಅತ್ತೆ ಕಿಡ್ನಿ ಕೊಡುತ್ತಾರೆ. ಸ್ಕ್ಯಾನ್ ಒಂದು ಬಾಕಿ.

11 ಮಾರ್ಚ್, ಮಂಗಳೂರು
ಅತ್ತೆಯ ಎಡ ಕಿಡ್ನಿಯಲ್ಲಿ ಸಣ್ಣ ಗಡ್ಡೆ.

ಡಾಕ್ಟರು ಶಾಂತವಾಗಿ ಹೇಳಿದರು — ಆ ಕಿಡ್ನಿ ತೆಗೆದು, ಗಡ್ಡೆ ಕತ್ತರಿಸಿ, ಅಂಚಿನಲ್ಲಿ ಏನೂ ಉಳಿದಿಲ್ಲವೆಂದು ಲ್ಯಾಬಿನಲ್ಲಿ ನೋಡಿ, ಹೊಲಿದು ಮಗನಿಗೆ ಹಾಕಬಹುದು. ಗಡ್ಡೆ ಮರಳುವ ಭಯ ಕಡಿಮೆ. ಆಗಾಗ ಸ್ಕ್ಯಾನ್ ಬೇಕು. ಒಳ್ಳೆಯ ಕಿಡ್ನಿ ತಾಯಿಗೇ ಉಳಿಯಬೇಕು.

ಅತ್ತೆ ಕೇಳಬೇಕಲ್ಲ! "ಚಲೋದು ಅವನಿಗೆ ಹಾಕಿ. ಗಡ್ಡೆದು ನಂಗಿರ್ಲಿ."
ಡಾಕ್ಟರು ಆಗದು ಎಂದರು.
"ಹಾಂಗಾರೆ ನಾ ಸಹಿ ಹಾಕೂದಿಲ್ಲ."

16 ಮಾರ್ಚ್, ಹಳದೀಪುರ
ಅತ್ತೆಯ ಅಣ್ಣ ನಾರಾಯಣ ಮಾವ ಬಂದು ಚಾ ಕುಡಿಯುತ್ತಾ ಅತ್ತೆಯನ್ನು ಕೇಳಿದರು, "ಎಂತ ಗಂಗೆ, ಚಲೋದು ನಿಂಗೆ, ಹಾಳಾದ್ದು ಮಗನಿಗಾ?"

ಮೈ ಉರಿಯಿತು. "ಗಡ್ಡೆ ಅತ್ತೆ ಪೇಟೆಯಲ್ಲಿ ಆರಿಸಿ ತಂದದ್ದಾ ಮಾವಾ?" ಅಂದೆ.
"ಎರಡು ತಿಂಗಳಿಗೇ ನಾಲಿಗೆ ಬಂತಲೆ ಸೊಸೆಗೆ!"

ವಿನೋದ ನನ್ನನ್ನೇ ಒಳಗೆ ಕರೆದು "ಸುಮ್ನಿರು ಅಂಕಿತಾ" ಎಂದ. ನನ್ನನ್ನು! ಅವರನ್ನಲ್ಲ! ಇವತ್ತು ಮಾತು ಬಿಟ್ಟಿದ್ದೇನೆ. ಮೂವತ್ತು ವರ್ಷ ಹರಿದದ್ದು, ಸೀದದ್ದು ಎಲ್ಲ ಆ ಹೆಂಗಸಿನ ತಟ್ಟೆಗೆ ಹೋಗಿದೆ. ಒಬ್ಬರಾದರೂ ಕೇಳಿದ್ದಾರಾ? ಈಗ ಗಡ್ಡೆಯದ್ದನ್ನು ಮಗನಿಗೆ ಕೊಡು ಅಂದರೆ ಹೇಗೆ ಕೊಟ್ಟಾರು? ಶೇಮ್ ಆನ್ ಆಲ್ ಆಫ್ ಅಸ್. ಇದೆಲ್ಲ ಭಾವನಿಗೂ ಹೇಳಿಬಿಟ್ಟೆ.

24 ಮಾರ್ಚ್
ಭಾವ ಸೊರಗಿದ್ದಾರೆ. ಮುಖ ಊದಿದೆ. ಅತ್ತೆಯದು ಅದೇ ಹಟ.

ಬೆಳಗ್ಗೆ ಮತ್ತೆ ದೋಸೆ ಹರಿಯಿತು. ಅತ್ತೆಯ ತಟ್ಟೆಯಿಂದ ಭಾವ ಅದನ್ನು ಎಳೆದುಕೊಂಡರು.
"ಛೀ, ಹರ್ದಿದ್ದು ನಿಂಗೆಂತಕ್ಕೆ?"
"ನಂದೆಂತ ಹೊಟ್ಟೆಯಾ, ಶೋಕೇಸಾ?" ಪೂರಾ ತಿಂದರು. "ಆಯಿ, ಕೊಡೂದಾದ್ರೆ ಹೊಲಿಗೆ ಹಾಕಿದ್ದೇ ಕೊಡು. ಚಲೋದು ನಿನ್ನ ಹತ್ರ ಇಲ್ದೆ ನಂಗೆ ಎಂತದೂ ಬೇಡ."

ಅತ್ತೆ ಖಾಲಿ ತಟ್ಟೆ ನನ್ನತ್ತ ಸರಿಸಿದರು. "ಆತು."
ಚೆಂದದ ದೋಸೆ ಅವರಿಗೆ ಬಡಿಸಿದೆ.

30 ಏಪ್ರಿಲ್, ಮಂಗಳೂರು, ಮಧ್ಯಾಹ್ನ
ನಿನ್ನೆ ಆಪರೇಷನ್. ಗಡ್ಡೆ ಹೋಯಿತು, ಅಂಚು ಕ್ಲೀನ್. ಎಚ್ಚರವಾದ ಅತ್ತೆಯ ಮೊದಲ ಮಾತು — "ಬಂತಾ?"

ಓಡಿದೆ. ಗಾಜಿನಾಚೆ ಭಾವನ ಮಂಚಕ್ಕೆ ಕಟ್ಟಿದ ಚೀಲ. ಹಳದಿ! ಅರ್ಧ ತುಂಬಿತ್ತು!
ಕಾರಿಡಾರಿನಲ್ಲೇ ಕೂಗಿದೆ, "ಬಂತು ಅತ್ತೇ! ಉಚ್ಚೆ ಬಂತು!"
ನರ್ಸ್ ಕಣ್ಣು ಬಿಟ್ಟು "ಮೆಲ್ಲಗೆ!" ಅಂದಳು. ಎಂತ ಮೆಲ್ಲಗೆ? ವರ್ಷದ ಮೇಲೆ ನಮ್ಮ ಭಾವ ಉಚ್ಚೆ ಹೊಯ್ದಿದ್ದಾರೆ, ಅದೂ ಹೊಲಿಗೆ ಹಾಕಿದ ಕಿಡ್ನಿಯಲ್ಲಿ, ನಾನು ಮೆಲ್ಲಗೆ—