ಅಪ್ಪನ ಕೈ ಬಿಗಿ

ನವೆಂಬರ್ ೧೧, ಮಂಗಳವಾರ

ಅಂಗೈ ಇನ್ನೂ ಉರಿಯುತ್ತಿದೆ. ಮೂರು ವಾರ ಗ್ಯಾರೇಜಿನ ಗುಜರಿ ಕಾರಿನ ಮೇಲೆ ಕಲಿತದ್ದನ್ನು ಇವತ್ತು ಮೊದಲ ಸಲ ಅಪ್ಪನ ಹಳೇ ಕಾರಿನ ಮೇಲೆ ಮಾಡಲು ಹೋದೆ. ಚಕ್ರ ಬಿಚ್ಚುವುದು, ಅಷ್ಟೇ. ಮೊದಲನೇ ನಟ್ಟೇ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಯಾರಮ್ಮಾ ಇದನ್ನ ಇಷ್ಟು ಬಿಗಿ ಮಾಡಿದ್ದು?" ಅಂದರು ಮೆಕ್ಯಾನಿಕ್.

"ಅಪ್ಪ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಪಂಕ್ಚರ್ ಆಗಿತ್ತು. ಆಮೇಲೆ ವಾಪಸ್ ಬರ್ಲೇ ಇಲ್ಲ."

ಅವರು ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಕೊಟ್ಟರು.

ಅಪ್ಪನ ಕೈ ಬಿಗಿ ಅಂತ ಅಮ್ಮ ಜೀವಮಾನವಿಡೀ ಗೊಣಗಿದಳು. ದುಡ್ಡಿಗೂ ಹಾಗೇ, ಡಬ್ಬಿ ಮುಚ್ಚಳಕ್ಕೂ ಹಾಗೇ. ಅಪ್ಪ ಮುಚ್ಚಿದ್ದನ್ನು ಅಪ್ಪನೇ ತೆಗೆಯಬೇಕಿತ್ತು.

ಪೈಪಿನ ಮೇಲೆ ಮೈಭಾರ ಬಿಟ್ಟೆ. ಕಿರ್ ಅಂತ ನಟ್ಟು ಸಡಿಲಾಯಿತು. ಅಪ್ಪನ ತೋಳಿನ ಬಲ ಈ ಲೋಕದಲ್ಲಿ ಉಳಿದಿದ್ದು ಈ ನಟ್ಟುಗಳ ಬಿಗಿಯಲ್ಲೇ ಅಂತ ಹೊಳೆದದ್ದು ಆಮೇಲೆ. ತಕ್ಷಣ ಉಸಿರು ಬಿಗಿಹಿಡಿದು ವಾಪಸ್ ತಿರುಗಿಸಿದೆ.

"ಸಾಕಮ್ಮಾ, ಸರಿಯಾಗಿದೆ," ಅಂದರು ಮೆಕ್ಯಾನಿಕ್.

ಸರಿಯಾಗೇ ಇದೆ. ಆದರೆ ಈಗ ಅದು ನನ್ನ ಬಿಗಿ.

ಉಳಿದ ಮೂರು ನಟ್ಟುಗಳನ್ನು ಮುಟ್ಟದೆ ಬಂದೆ. ಅವು ಇನ್ನೂ ಅಪ್ಪ ಬಿಗಿದವೇ.