ಕಚ್ಚಾ ಹೊಲಿಗೆ

ಆಸ್ಪತ್ರೆ, ಎರಡನೇ ಮಹಡಿ,
ಕಿಟಕಿ ಪಕ್ಕದ ಮಂಚ.
ಗುರುವಾರ, ಊಟ ಮುಗಿದ ಹೊತ್ತು.

ನನ್ನ ಪ್ರೀತಿಯ ಇವಳೇ,

ನೀನು ಹೇಗಿದ್ದೀಯ? ಮಗಳು ಹೇಗಿದ್ದಾಳೆ? ಮೊಮ್ಮಗಳು ಹಾಲು ಕುಡಿದು ಸುಮ್ಮನೆ ಮಲಗುತ್ತಾಳೋ, ಇಲ್ಲ ನಮ್ಮ ಗಿರಾಕಿಗಳ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಜಗಳಕ್ಕೆ ನಿಲ್ಲುತ್ತಾಳೋ? ನಿನ್ನ ಮಂಡಿನೋವು ಈಗ ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಕಂಬಿ ಹಿಡಿದೇ ಹತ್ತು. ನಾನು ಆರಾಮ. ನೀನು ಎದ್ದುಬಿದ್ದು ಓಡಿ ಬರಬೇಡ. ಬಾಣಂತಿಯನ್ನು ಬಿಟ್ಟು ಬರುವಂಥ ಘನಕಾರ್ಯ ಇಲ್ಲಿ ನಡೆದಿಲ್ಲ.

ಫೋನಿನಲ್ಲಿ ‘ಹೊಟ್ಟೆಯಲ್ಲಿ ಸಣ್ಣದೊಂದು ರಿಪೇರಿ’ ಎಂದಿದ್ದೆನಲ್ಲ, ಅದರ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಕರುಳಿನಲ್ಲಿ ಒಂದು ಗಂಟು ಇತ್ತಂತೆ. ಗಂಟಿರುವಷ್ಟು ಉದ್ದ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದಾರೆ. ಇಷ್ಟು ವರ್ಷ ಊರವರ ಪ್ಯಾಂಟು ಗಿಡ್ಡ ಮಾಡಿದ ದರ್ಜಿಯನ್ನು ದೇವರು ಒಳಗಿನಿಂದ ಗಿಡ್ಡ ಮಾಡಿದ, ಲೆಕ್ಕ ಚುಕ್ತಾ. ಆ ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ, ಅದರ ಮಾತು ಈಗ ಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ದನಿ ನಡುಗಿದರೆ ನೀನು ಹಿಡಿದುಬಿಡುತ್ತೀಯ. ಕಾಗದದಲ್ಲಿ ಅಕ್ಷರ ನಡುಗಿದರೆ ತಪ್ಪನ್ನು ಕೈಗೆ ಚುಚ್ಚಿರುವ ಸೂಜಿಯ ಮೇಲೆ ಹಾಕಬಹುದು. ಎಲ್ಲೆಲ್ಲಿ ಅಕ್ಷರ ಸೊಟ್ಟಗಿದೆಯೋ ಅಲ್ಲೆಲ್ಲ ಸೂಜಿ ಎಂದೇ ಓದಿಕೋ.

ಹೊಟ್ಟೆ ಕೊಯ್ದವರೆಂದರೆ ಗೋಡೆ ನೋಡಿಕೊಂಡು ಮಲಗಿರಬೇಕು, ತೊಟ್ಟು ನೀರಿಗೂ ಬಾಯಿ ಬಿಡಬೇಕು, ನೋಡಲು ಬಂದವರು ಲೊಚಗುಟ್ಟಬೇಕು. ನನಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ. ಇಲ್ಲಿ ಎಲ್ಲವೂ ತಲೆಕೆಳಗು. ಆಪರೇಷನ್ನಿಗೆ ಮುಂಚೆ ಉಪವಾಸ ಕೆಡವುತ್ತಾರೆ ಅಂದುಕೊಂಡರೆ, ಕರೆದು ಕೂರಿಸಿ ಸಿಹಿ ಪಾನಕ ಕುಡಿಸಿದರು. ಆಪರೇಷನ್ ಮುಗಿದು ಎಚ್ಚರವಾಗಿ ‘ಅಯ್ಯೋ’ ಅನ್ನಲು ಬಾಯಿ ತೆರೆದರೆ ಸೂಪಿನ ಚಮಚ ಬಂತು. ಇಲ್ಲೊಬ್ಬ ಎತ್ತರದ ನರ್ಸಮ್ಮ ಇದ್ದಾರೆ, ನಾನು ಅವರಿಗೆ ಹೆಡ್‌ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಮಂಚದ ತಲೆಗೆ ಒಂದು ಕಾಗದ ಅಂಟಿಸಿ, ಬೇಗ ವಾಸಿಯಾಗುವ ನಿಯಮಗಳು ಇವು ಎಂದು ಓದಿಸಿದರು. ಕುರ್ಚಿಯಲ್ಲಿ ಕೂತು ಉಣ್ಣಬೇಕು, ಹಜಾರದ ತುದಿಯವರೆಗೆ ನಡೆಯಬೇಕು, ಊಟವಾದ ಮೇಲೆ ಚ್ಯೂಯಿಂಗ್ ಗಮ್ ಅಗಿಯಬೇಕು. ಹೌದು ಮಾರಾಯ್ತಿ, ಚ್ಯೂಯಿಂಗ್ ಗಮ್! ಬಾಯಿ ಆಡಿದರೆ ಕರುಳಿಗೂ ಕೆಲಸ ನೆನಪಾಗುತ್ತದಂತೆ. ಮಗಳು ಶಾಲೆಗೆ ಹೋಗುವಾಗ ನಾನೇ ಅವಳ ಬಾಯಿಂದ ಕೀಳಿಸಿದ ಪದಾರ್ಥ.

ನನಗೋ ಜೀವ ಕೈಯಲ್ಲಿ. ಹೋಟೆಲಿನ ಅಡುಗೆಯವನಿಗೆ ಹೋಟೆಲ್ ಊಟ ಸೇರುವುದಿಲ್ಲ, ಹೊಲಿಗೆಯವನಿಗೆ ಹೊಲಿಗೆಯ ಮೇಲೆ ನಂಬಿಕೆ ಇರುವುದಿಲ್ಲ. ಹೊಸ ಹೊಲಿಗೆ ಯಾವ ತಿರುವಿನಲ್ಲಿ ಬಾಯಿ ಬಿಡುತ್ತದೆ ಎಂಬುದು ನನ್ನ ಬೆರಳಿಗೆ ಗೊತ್ತು. ಎದ್ದರೆ ಎಳೆಯುತ್ತದೆ, ಉಂಡರೆ ಉಬ್ಬುತ್ತದೆ, ಕೆಮ್ಮಿದರಂತೂ ಮುಗಿಯಿತು. ಇಸ್ತ್ರಿಪೆಟ್ಟಿಗೆ ಹೇರಿದ ಬಟ್ಟೆಯ ಹಾಗೆ ಅಲ್ಲಾಡದೆ ಬಿದ್ದುಕೊಂಡೆ. ಆಗ ನನ್ನ ಪ್ರಾಣ ಉಳಿಸಲು ಪಣ ತೊಟ್ಟವನು ನಿನ್ನ ಮುದ್ದಿನ ತಮ್ಮ. ‘ಭಾವ, ನೀವು ಮಲಗಿ, ನಾನಿದ್ದೀನಿ’ ಅಂದ. ನನ್ನ ಸೂಪು ಕುಡಿದ. ಬ್ರೆಡ್ಡು ತಿಂದ. ಗಮ್ ಅಗಿದ. ಕೊನೆಗೆ ನನ್ನ ಚಪ್ಪಲಿ ಮೆಟ್ಟಿ, ನರ್ಸುಗಳ ಮೇಜಿಗೆ ಕೇಳಿಸುವ ಹಾಗೆ ಹಜಾರದಲ್ಲಿ ಚಟಪಟ ಚಟಪಟ ಓಡಾಡಿ ಬಂದ. ನಿಯಮಗಳೆಲ್ಲ ಚಾಚೂ ತಪ್ಪದೆ ಪಾಲನೆಯಾದವು, ಪಾಲಿಸಿದವನು ಮಾತ್ರ ನಾನಲ್ಲ. ನಿನ್ನ ತಮ್ಮನ ಕರುಳು ಈಗ ಊರಿಗೇ ಮಾದರಿ.

ನನ್ನದು ಮುಷ್ಕರ ಹೂಡಿತು. ಬೆಳಗಾಗುವಷ್ಟರಲ್ಲಿ ಹೊಟ್ಟೆ ತಮಟೆ. ಖಾಲಿ ಹೊಟ್ಟೆಯಿಂದ ಹಸಿರು ಹಸಿರಾಗಿ ವಾಂತಿ. ಡಾಕ್ಟರು ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪು ಇಟ್ಟು ಆಲಿಸಿದರು, ಇನ್ನೊಂದು ಕಡೆ ಇಟ್ಟರು, ಮತ್ತೊಂದು ಕಡೆ. ‘ಒಳಗೆ ಸದ್ದೇ ಇಲ್ಲವಲ್ಲ’ ಅಂದರು. ಅವರು ಮೆಲ್ಲಗೆ ಅಂದದ್ದು ನನಗೆ ಸಿಡಿಲು ಹೊಡೆದ ಹಾಗೆ ಕೇಳಿಸಿತು. ಹೀಗೇ ಇದ್ದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕಂತೆ. ಹೊಲಿದ ಜಾಗ ಸೋರುತ್ತಿದ್ದರೆ ಮತ್ತೆ ತೆರೆಯಬೇಕಂತೆ. ನಾನು ನಿನ್ನ ತಮ್ಮನ ಮುಖ ನೋಡಿದೆ. ಅವನು ಗಾಬರಿಯಲ್ಲಿ ಗಮ್ ಅಗಿಯುತ್ತ ನಿಂತಿದ್ದ. ಹೆಡ್‌ಮೇಷ್ಟ್ರು ಅವನ ದವಡೆ ನೋಡಿದರು, ಅವನ ಕಾಲಿನಲ್ಲಿದ್ದ ನನ್ನ ಚಪ್ಪಲಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ‘ಯಜಮಾನ್ರೇ, ನಿಮ್ಮ ಬದಲು ನಿಮ್ಮ ಭಾಮೈದ ನಡೀಬಹುದು. ನಿಮ್ಮ ಬದಲು ಅವರ ಕರುಳು ಏಳಲ್ಲ’ ಅಂದರು. ಬೈದಿದ್ದರೆ ಇದಕ್ಕಿಂತ ವಾಸಿ ಇತ್ತು.

ಡಾಕ್ಟರು ಒಳ್ಳೆಯವರು, ಮಂಚದ ಅಂಚಿಗೆ ಕೂತು ಏನು ಭಯ ಎಂದು ಕೇಳಿದರು. ಹೇಳಿದೆ. ಅವರು ನಕ್ಕು, ‘ನೋಡಿ, ನಿಮ್ಮ ಹೊಲಿಗೆ ಬಟ್ಟೆಯನ್ನ ಹರಿಯೋವರೆಗೂ ಹಿಡಿದಿರಬೇಕು. ನಂದು ಹಾಗಲ್ಲ, ಅದು ಕಚ್ಚಾ ಹೊಲಿಗೆ ಇದ್ದ ಹಾಗೆ. ಒಂದೆರಡು ವಾರ ಹಿಡಿದ್ರೆ ಸಾಕು, ಅಷ್ಟರಲ್ಲಿ ಕರುಳೇ ಕರುಳನ್ನ ಹಿಡ್ಕೊಳ್ಳುತ್ತೆ. ಅದಕ್ಕೆ ನೀವು ಉಣ್ಣಬೇಕು, ನಡೀಬೇಕು’ ಅಂದರು. ಸಮಾಧಾನ ಹೇಳಿದೆ ಅಂದುಕೊಂಡು ಎದ್ದು ಹೋದರು. ಕಚ್ಚಾ ಹೊಲಿಗೆ! ಅಳತೆ ನೋಡಲು ಉದ್ದುದ್ದ ಹಾಕಿ, ಕೆಲಸ ಮುಗಿದ ಮೇಲೆ ಒಂದು ಎಳೆ ಹಿಡಿದು ಸರಕ್ಕನೆ ಬಿಚ್ಚಿಬಿಡುತ್ತೀಯಲ್ಲ, ಅದು. ಕಚ್ಚಾ ಹಾಕಿದ ಕೋಟು ತೊಡಿಸಿ ಗಿರಾಕಿಯನ್ನು ಬೀದಿಗೆ ಕಳಿಸುವ ದರ್ಜಿಯನ್ನು ಎಲ್ಲಾದರೂ ಕಂಡಿದ್ದೀಯಾ?

ಮತ್ತೆ ಹೇಗೆ ಎದ್ದೆ ಅಂತೀಯಾ? ನೀನು ನೆನಪಾದೆ. ನಾನು ಎಷ್ಟೇ ಚೆನ್ನಾಗಿ ಗುಂಡಿ ಹಾಕಿರಲಿ, ಗಿರಾಕಿಯ ಎದುರಿಗೇ ಒಂದೊಂದನ್ನೂ ಜಗ್ಗಿ ನೋಡುತ್ತೀಯ. ‘ಎಳೆದು ನೋಡದೆ ಕೊಟ್ಟರೆ ನಾನು ಜವಾಬ್ದಾರಿ ಅಲ್ಲ ರೀ’ ಅನ್ನುತ್ತೀಯ. ಅದಕ್ಕೆ ಎಷ್ಟು ಸಲ ನಿನ್ನ ಮೇಲೆ ರೇಗಿದ್ದೇನೆ. ಹೊಟ್ಟೆಗೆ ದಿಂಬು ಒತ್ತಿಕೊಂಡು, ನನ್ನ ಚಪ್ಪಲಿ ನಾನೇ ಮೆಟ್ಟಿ, ಹೆಜ್ಜೆ ಹಾಕಿದೆ. ಪ್ರತಿ ಹೆಜ್ಜೆಗೂ ದಾರ ಪಟ್ಟೆನ್ನುವ ಸದ್ದಿಗೆ ಕಿವಿಗೊಟ್ಟೆ. ಹಜಾರದ ಕೊನೆಯ ಕಿಟಕಿ ಮುಟ್ಟುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು. ದಾರ ಪಟ್ಟೆನ್ನಲಿಲ್ಲ. ವಾಪಸ್ಸು ಬಂದು ಕುರ್ಚಿಯಲ್ಲಿ ಕೂತೆ. ಹೆಡ್‌ಮೇಷ್ಟ್ರು ಎದುರಿಗೇ ನಿಂತು ಗುಟುಕು ಗುಟುಕಾಗಿ ಸೂಪು ಕುಡಿಸಿದರು. ಈಗ ಆಡಿನ ಹಾಗೆ ಗಮ್ ಮೇಯುತ್ತ ಬರೆಯುತ್ತಿದ್ದೇನೆ. ನಳಿಕೆಯ ವಿಚಾರ ಸಂಜೆ ನೋಡೋಣ ಎಂದಿದ್ದಾರೆ. ಕಸ ಗುಡಿಸುವವರಿಂದ ಹಿಡಿದು ಡಾಕ್ಟರವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಗಾಳಿ ಹೋಯ್ತಾ?’ ಮನೆಯಲ್ಲಿ ಯಾವುದಕ್ಕೆ ನೀನು ನನ್ನನ್ನು ಅಂಗಳಕ್ಕೆ ಅಟ್ಟುತ್ತಿದ್ದೆಯೋ, ಅದಕ್ಕೆ ಇಲ್ಲಿ ಈ ಮರ್ಯಾದೆ. ಇಲ್ಲ, ಇನ್ನೂ ಹೋಗಿಲ್ಲ. ಕಿವಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕೂತಿದ್ದೇನೆ.

ಮಗಳಿಗೆ ಅಪ್ಪ ಗುಂಡುಕಲ್ಲಿನ ಹಾಗಿದ್ದಾನೆ ಅನ್ನು. ಮೊಮ್ಮಗಳ ನೆತ್ತಿ ಮೂಸಿ, ಅಜ್ಜನ ಪಾಲಿನದು ಎಂದು ಇನ್ನೊಮ್ಮೆ ಮೂಸು. ನೂರು ವರ್ಷ ಬಾಳಲಿ, ಒಂದು ಹೊಲಿಗೆಯೂ ಬೀಳದಿರಲಿ.

ಇಂತಿ ನಿನ್ನ,
ಇವರು

ತಾ.ಕ.: ಹೋಯಿತು! ಈಗ, ಲಕೋಟೆಗೆ ಅಂಟು ಹಚ್ಚುವಾಗ. ನಿನ್ನ ತಮ್ಮ ಕಿಟಕಿ ತೆರೆದು ಕಣ್ಣೊರೆಸಿಕೊಂಡ. ಹೆಡ್‌ಮೇಷ್ಟ್ರು ಚಪ್ಪಾಳೆ ತಟ್ಟಿದರು. ನಳಿಕೆ ಬೇಡವಂತೆ. ಇನ್ನೊಂದು ಮಾತು, ಕೊರಿಯರಿನವನು ಕಾಯುತ್ತಿದ್ದಾನೆ. ಗಂಟಿನ ವರದಿ ಸೋಮವಾರ ಬರುತ್ತದೆ. ಕೇಳುವಾಗ ಜೊತೆಗೆ ಯಾರಿರುತ್ತಾರೆ ಎಂದು ಡಾಕ್ಟರು ಕೇಳಿದರು. ಭಾಮೈದ ಇದ್ದಾನೆ ಅಂದೆ. ಅವನ ಕಡೆ ಒಮ್ಮೆ ನೋಡಿ, ‘ಬೇರೆ ಯಾರೂ ಇಲ್ವಾ?’ ಅಂದರು. ಮಗಳ ಹತ್ತಿರ ಅವಳ ಅತ್ತೆ ಎರಡು ದಿನ ಇದ್ದಾರು, ಕೇಳಿ ನೋಡು. ಮೇಲೆ ಬರಬೇಡ ಎಂದು ಒಂದು ಸಾಲು ಬರೆದಿದ್ದೇನಲ್ಲ, ಅದು ಕಚ್ಚಾ ಹೊಲಿಗೆ. ಬಿಚ್ಚಿಬಿಡು.